ಮೇಲಿನ ಮಹಡಿಯ ಬಾಡಿಗೆ: ಸಣ್ಣ ಮಾಲೀಕರ ಲೆಕ್ಕ, ಕಾನೂನು, ನಡವಳಿಕೆ

ಬೆಂಗಳೂರಿನ ಯಾವ ಬಡಾವಣೆಯ ಅಡ್ಡರಸ್ತೆಗೆ ಹೋದರೂ ಒಂದೇ ಬಗೆಯ ಮನೆಗಳು ಸಾಲಾಗಿ ಕಾಣುತ್ತವೆ. ಮೂವತ್ತು–ನಲವತ್ತರ ಸೈಟು, ಕೆಳಗೆ ಮಾಲೀಕರು, ಪಕ್ಕದಲ್ಲಿ ಕಿರಿದಾದ ಮೆಟ್ಟಿಲು, ಮೇಲೆ ಎರಡೋ ಮೂರೋ ಬಾಡಿಗೆ ಮನೆ, ಗೇಟಿಗೆ ತಂತಿಯಲ್ಲಿ ಕಟ್ಟಿದ ‘ಟು-ಲೆಟ್’ ಬೋರ್ಡು. ಕಟ್ಟಿಸಿದವರು ಸಾರಿಗೆ ಸಂಸ್ಥೆಯ ನಿರ್ವಾಹಕರು, ಶಾಲಾ ಶಿಕ್ಷಕಿಯರು, ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು, ದಿನಸಿ ಅಂಗಡಿಯವರು. ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲೂ ಇಂಥದೇ ಕುಟುಂಬಗಳು ಇದೇ ದಾರಿ ಹಿಡಿದಿವೆ. ಪಿಂಚಣಿ ಇಲ್ಲದವರಿಗೆ ಈ ಬಾಡಿಗೆಯೇ ಪಿಂಚಣಿ. ಆದರೂ ಇವರಿಗೆ ಸಿಗುವ ಸಲಹೆ ಎರಡೇ ಕಡೆಯಿಂದ: ಫ್ಲಾಟ್ ಕೊಳ್ಳಿರೆಂದು ಹುರಿದುಂಬಿಸುವ ಜಾಹೀರಾತು, ಬಾಡಿಗೆದಾರರನ್ನು ನಂಬಬೇಡಿ ಎಂದು ಹೆದರಿಸುವ ನೆಂಟರು. ಎರಡನ್ನೂ ಬದಿಗಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಸಣ್ಣ ಮಾಲೀಕರ ಆದಾಯ ಬಾಡಿಗೆಯ ಮೊತ್ತಕ್ಕಿಂತಲೂ ಒಳ್ಳೆಯ ಬಾಡಿಗೆದಾರರು ಎಷ್ಟು ಕಾಲ ನೆಮ್ಮದಿಯಿಂದ ಉಳಿಯುತ್ತಾರೆ ಎಂಬುದರ ಮೇಲೆ ನಿಂತಿದೆ. ಕಾಗದಪತ್ರ, ನೀರು, ಕರೆಂಟು, ರಿಪೇರಿ, ಮಾತುಕತೆ ಎಲ್ಲವೂ ಅಲ್ಲಿಗೇ ಬಂದು ಸೇರುತ್ತವೆ.

ಮೊದಲು ಹಣದ ಲೆಕ್ಕ. ನಗರದ ಅಂಚಿನಲ್ಲಿ 80 ಲಕ್ಷ ರೂಪಾಯಿಗೆ ಎರಡು ಬೆಡ್‌ರೂಮಿನ ಫ್ಲಾಟ್ ಕೊಂಡಿರಿ ಎಂದಿಟ್ಟುಕೊಳ್ಳಿ. ಈ ಬೆಲೆಯ ಆಸ್ತಿಗೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಸೆಸ್ಸು, ಸರ್ಚಾರ್ಜು. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೂ ಶೇ. 1ರಿಂದ ಶೇ. 2ಕ್ಕೆ ಏರಿದೆ. ಎಲ್ಲ ಸೇರಿ ಸುಮಾರು ಶೇ. 7.6, ಅಂದರೆ ಆರು ಲಕ್ಷಕ್ಕೂ ಹೆಚ್ಚು ಹಣ ಬೀಗದ ಕೈ ಸಿಗುವ ಮೊದಲೇ ಖರ್ಚಾಯಿತು. ವಾರ್ಡ್‌ರೋಬು, ಗೀಸರು, ಅಡುಗೆಮನೆಯ ಕಪಾಟು, ಕಿಟಕಿಯ ಸೊಳ್ಳೆಪರದೆ ಎಂದು ಇನ್ನು ಮೂರು ಲಕ್ಷ ಸೇರಿಸಿದರೆ ಒಟ್ಟು ಹೂಡಿಕೆ 89 ಲಕ್ಷ. ತಿಂಗಳಿಗೆ 28,000 ಬಾಡಿಗೆ ಬಂದರೆ ವರ್ಷಕ್ಕೆ 3,36,000. ಒಂದು ತಿಂಗಳು ಖಾಲಿ ಬಿದ್ದದ್ದು, ಬ್ರೋಕರ್ ಕಮಿಷನ್, ಆಸ್ತಿ ತೆರಿಗೆ, ರಿಪೇರಿ ಕಳೆದರೆ ಉಳಿಯುವುದು ಎರಡೂಮುಕ್ಕಾಲು ಲಕ್ಷದ ಆಸುಪಾಸು. ಹಾಕಿದ ದುಡ್ಡಿಗೆ ಶೇ. 3. ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಟ್ಟಿದ್ದರೆ ಇದರ ಎರಡು ಪಟ್ಟು ಬರುತ್ತಿತ್ತು. ಸಾಲ ಮಾಡಿ ಕೊಂಡಿದ್ದರಂತೂ ಪರಿಸ್ಥಿತಿ ಇನ್ನೂ ಬಿಗಿ. 60 ಲಕ್ಷ ಸಾಲಕ್ಕೆ ಶೇ. 8.5 ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ 52,000 ರೂಪಾಯಿ. ಬಾಡಿಗೆ 28,000 ಬಂದರೆ ಮಿಕ್ಕ 24,000 ಪ್ರತಿ ತಿಂಗಳೂ ಸಂಬಳದಿಂದ ಹೋಗಬೇಕು. ಬಾಡಿಗೆಯಲ್ಲೇ ಕಂತು ತೀರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಮುಂದೆಯೇ ಕಾಗದ ಪೆನ್ನು ಹಿಡಿದು ಈ ಲೆಕ್ಕ ಹಾಕಿ. ಫ್ಲಾಟ್ ಕೊಳ್ಳುವವರು ನಿಜದಲ್ಲಿ ಪಣ ಕಟ್ಟುತ್ತಿರುವುದು ಬೆಲೆ ಏರುತ್ತದೆ ಎಂಬುದರ ಮೇಲೆ. ಏರಬಹುದು. ಆದರೆ ಕಟ್ಟಡ ಹಳತಾಗುತ್ತಾ ಹೋಗುತ್ತದೆ, ಬೆಲೆ ಏರುವುದು ನೆಲಕ್ಕೆ, ಫ್ಲಾಟಿನಲ್ಲಿ ನೆಲದ ಪಾಲು ಸಣ್ಣದು.

ಇದೇ ಲೆಕ್ಕವನ್ನು ಸ್ವಂತ ಸೈಟಿನ ಮೇಲೆ ಹಾಕಿ ನೋಡಿ. ಇರುವ ಮನೆಯ ಮೇಲೆ ಎಂಟು ಚದರದ ಇನ್ನೊಂದು ಮನೆ ಕಟ್ಟಿಸಲು, ಚದರಡಿಗೆ 2,200 ರೂಪಾಯಿ ಹಿಡಿದರೆ, 17.6 ಲಕ್ಷ ಬೇಕು. ತಿಂಗಳಿಗೆ 16,000 ಬಾಡಿಗೆ ಬಂದರೆ ಖರ್ಚೆಲ್ಲ ಕಳೆದು ವರ್ಷಕ್ಕೆ 1.6 ಲಕ್ಷ ಉಳಿಯುತ್ತದೆ, ಅಂದರೆ ಶೇ. 9. ನೆಲದ ದುಡ್ಡು ಎಂದೋ ಕೊಟ್ಟಾಗಿದೆ, ಅದಕ್ಕೇ ಈ ಅಂತರ. ಕೈಯಲ್ಲಿ ಇಪ್ಪತ್ತು ಲಕ್ಷವಿದ್ದು, ತಲೆಯ ಮೇಲೆ ಸ್ವಂತದ್ದೊಂದು ಖಾಲಿ ತಾರಸಿಯೂ ಇರುವವರು ಫ್ಲಾಟಿಗೆ ಮುಂಗಡ ಕೊಡಲು ಓಡುವ ಮೊದಲು ತಾರಸಿಯ ಕಡೆ ಒಮ್ಮೆ ನೋಡಬೇಕು.

ಆದರೆ ತಾರಸಿಯ ಮೇಲೆ ಎಷ್ಟು ಏರಿಸಬಹುದೆಂಬುದನ್ನು ಮೇಸ್ತ್ರಿಯ ಮಾತಿನ ಮೇಲೆ ತೀರ್ಮಾನಿಸಬಾರದು. ಒಂದು ಮಹಡಿಗೆಂದು ಹಾಕಿದ ಪಾಯ, ಕಾಲಮ್ಮುಗಳು ಮೂರು ಮಹಡಿ ಹೊರುತ್ತವೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಪರೀಕ್ಷಿಸಿ ಬರೆದುಕೊಡಬೇಕು. ಅದಕ್ಕೆ ತಗಲುವ ಹಣ ಒಂದೆರಡು ತಿಂಗಳ ಬಾಡಿಗೆಯಷ್ಟು. 2024ರ ಅಕ್ಟೋಬರ್ ಮಳೆಯಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದು ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. ಅಂಥ ಸುದ್ದಿ ಓದಿದ ಮೇಲೂ ಮಂಜೂರಾದ ನಕ್ಷೆಗಿಂತ ಹೆಚ್ಚು ಮಹಡಿ ಏರಿಸುವವರಿಗೆ ಏನು ಹೇಳುವುದೋ ನನಗೆ ತೋಚದು. ಮೇಲಿನ ಮನೆಯಲ್ಲಿ ಮಲಗುವವರು ಬೇರೆಯವರ ಮಕ್ಕಳು.

ಕಾಗದಪತ್ರಗಳ ವಿಷಯದಲ್ಲೂ ಕಾಲ ಬದಲಾಗಿದೆ. ಈಗ ಇ-ಖಾತೆ ಇಲ್ಲದೆ ಬೆಂಗಳೂರಿನಲ್ಲಿ ನೋಂದಣಿ ಆಗುವುದಿಲ್ಲ. ಬಿ-ಖಾತೆ ಎಂದರೆ ಹಲವು ಬ್ಯಾಂಕುಗಳು ಸಾಲಕ್ಕೆ ಹಿಂಜರಿಯುತ್ತವೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಓಸಿ, ಅಂದರೆ ಸ್ವಾಧೀನಾನುಭವ ಪತ್ರ, ಇಲ್ಲದ ಕಟ್ಟಡಗಳಿಗೆ ಹೊಸದಾಗಿ ಕರೆಂಟು, ನೀರಿನ ಸಂಪರ್ಕ ಸಿಗುವುದು ಕಷ್ಟವಾಯಿತು. ಸಣ್ಣ ಮನೆಗಳಿಗೆಂದು ರಾಜ್ಯ ಸರ್ಕಾರ ವಿನಾಯಿತಿಯ ದಾರಿ ಹುಡುಕಬೇಕಾಯಿತು. ಬಾಡಿಗೆಗೆಂದೇ ಕಟ್ಟಿದ ಮನೆಗೆ ಮೀಟರೇ ಬಾರದಿದ್ದರೆ ಕಟ್ಟಿದ್ದು ವ್ಯರ್ಥ. ಆದ್ದರಿಂದ ನಕ್ಷೆ ಮೊದಲು, ಇಟ್ಟಿಗೆ ಆಮೇಲೆ.

ಇನ್ನು ಭೋಗ್ಯ, ಅಂದರೆ ಜನ ಈಗ ‘ಲೀಸ್’ ಎನ್ನುವ ಪದ್ಧತಿ. ಹತ್ತು ಲಕ್ಷ ಒಟ್ಟಿಗೆ ಕೊಡುತ್ತಾರೆ, ಮೂರು ವರ್ಷ ಬಾಡಿಗೆಯಿಲ್ಲದೆ ಇರುತ್ತಾರೆ, ಹೋಗುವಾಗ ಅಷ್ಟೂ ವಾಪಸ್. ಮನೆ ಕಟ್ಟಿ ಕೈ ಖಾಲಿಯಾದ ಮಾಲೀಕರಿಗೆ ಇದು ದೇವರು ಕೊಟ್ಟಂತೆ ಕಾಣುತ್ತದೆ. ಲೆಕ್ಕ ಹೇಳುವುದು ಬೇರೆ. ಆ ಹತ್ತು ಲಕ್ಷದಿಂದ ಶೇ. 9ರ ಸಾಲ ತೀರಿಸಿದರೂ ಉಳಿಯುವ ಬಡ್ಡಿ ತಿಂಗಳಿಗೆ 7,500. ಅದೇ ಮನೆ 12,000ಕ್ಕೆ ಬಾಡಿಗೆಗೆ ಹೋಗುವಂತಿದ್ದರೆ ತಿಂಗಳಿಗೆ 4,500 ನಷ್ಟ. ಅದಕ್ಕಿಂತ ದೊಡ್ಡ ತೊಂದರೆ ಮೂರು ವರ್ಷದ ನಂತರ ಬರುತ್ತದೆ. ಹಣ ಸಾಲಕ್ಕೋ ಮದುವೆಗೋ ಹೋಗಿರುತ್ತದೆ, ಹೊಸಬರು ಹತ್ತು ಲಕ್ಷ ತಂದರಷ್ಟೇ ಹಳಬರಿಗೆ ಕೊಡಲು ಸಾಧ್ಯ. ಹೊಸಬರು ಸಿಗದ ತಿಂಗಳಲ್ಲಿ ಜಗಳ ಠಾಣೆ ಹತ್ತುತ್ತದೆ. ಕೊಡುವವರ ಕಡೆಯಿಂದಲೂ ಯೋಚಿಸಬೇಕು: ಬ್ಯಾಂಕಿಗೆ ಅಡವಾದ ಮನೆಯನ್ನು ನೋಂದಣಿಯಿಲ್ಲದ ಪತ್ರದ ಮೇಲೆ ಭೋಗ್ಯಕ್ಕೆ ಹಿಡಿದವರು, ಬ್ಯಾಂಕು ಮನೆ ಹರಾಜು ಹಾಕಿದ ದಿನ ಜೀವಮಾನದ ಉಳಿತಾಯಕ್ಕೇ ಎರವಾಗುತ್ತಾರೆ. ಮಧ್ಯವರ್ತಿ ಸಂಸ್ಥೆಗಳು ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಪಡೆದು, ಅವರಿಗೆ ತಿಳಿಯದಂತೆ ಬೇರೊಂದು ಕುಟುಂಬಕ್ಕೆ ಭೋಗ್ಯಕ್ಕೆ ಕೊಟ್ಟು ಕಣ್ಮರೆಯಾದ ಪ್ರಕರಣಗಳೂ ನಗರದಲ್ಲಿ ನಡೆದಿವೆ. ಮನೆಯಲ್ಲಿ ವಾಸಿಸುವವರ ಜೊತೆಯಲ್ಲೇ ನೇರ ಕರಾರು ಮಾಡಿಕೊಳ್ಳಿ. ನಡುವೆ ಯಾರೂ ಬೇಡ.

ಕರಾರು ಎಂದ ಕೂಡಲೇ ಎಲ್ಲರೂ ಹನ್ನೊಂದು ತಿಂಗಳು ಎನ್ನುತ್ತಾರೆ. ಅದರ ಮೂಲ 1908ರ ನೋಂದಣಿ ಕಾಯ್ದೆಯಲ್ಲಿದೆ: ಒಂದು ವರ್ಷ ಮೀರಿದ ಗುತ್ತಿಗೆಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಮೂರು ವರ್ಷ ಎಂದು ಬರೆದು ನೋಂದಾಯಿಸದೆ ಬಿಟ್ಟರೆ, ಆ ಮೂರು ವರ್ಷದ ಷರತ್ತನ್ನು ಸಾಬೀತುಪಡಿಸಲು ಆ ಪತ್ರ ಕೋರ್ಟಿನಲ್ಲಿ ಸಾಕ್ಷ್ಯವಾಗದು. ಮನೆ ತಿಂಗಳಿಂದ ತಿಂಗಳಿಗೆ ಕೊಟ್ಟದ್ದೆಂದೇ ಎಣಿಸುತ್ತಾರೆ. ಮುದ್ರಾಂಕ ಶುಲ್ಕ ಕಡಿಮೆ ಕಟ್ಟಿದ್ದರೆ ಕೊರತೆಯ ಹತ್ತು ಪಟ್ಟು ದಂಡ ಕಟ್ಟುವವರೆಗೆ ಕರ್ನಾಟಕದ ನ್ಯಾಯಾಲಯ ಅದನ್ನು ಮುಟ್ಟುವುದಿಲ್ಲ. ಇ-ಸ್ಟಾಂಪ್ ಅಂಗಡಿಯವರು ಕೊಡುವ ಸಿದ್ಧ ನಮೂನೆಯಲ್ಲಿ ಹೆಸರು ಮಾತ್ರ ಬದಲಿಸಿ ಸಹಿ ಹಾಕುವ ಅಭ್ಯಾಸ ಬಿಡಬೇಕು. ಬಾಡಿಗೆ ಯಾವ ತಾರೀಖಿನೊಳಗೆ, ಮುಂಗಡ ಎಷ್ಟು, ಬಿಡುವ ಮುನ್ನ ಎಷ್ಟು ದಿನದ ಸೂಚನೆ, ವರ್ಷಕ್ಕೆ ಎಷ್ಟು ಏರಿಕೆ, ನೀರಿನ ಬಿಲ್ಲು ಯಾರದು, ಬಣ್ಣದ ಖರ್ಚು ಯಾರದು, ಎಷ್ಟು ಫ್ಯಾನು, ಎಷ್ಟು ಬೀಗದ ಕೈ ಎಂಬುದನ್ನು ಸಹಿಗೆ ಮೊದಲು ಇಬ್ಬರೂ ಕೂತು ಓದಿಕೊಂಡರೆ ಮುಂದಿನ ಜಗಳಗಳಲ್ಲಿ ಅರ್ಧ ಅಲ್ಲೇ ಮುಗಿಯುತ್ತದೆ.

ಬಾಡಿಗೆ ಕಾನೂನೆಂದರೆ ಬಾಡಿಗೆದಾರರ ಪರ ಎಂಬ ಭಯ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದ್ದು. ಅದರ ಜಾಗದಲ್ಲಿ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯ ದಿನ ಜಾರಿಯಾಯಿತು. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಬೇರೆ ಊರುಗಳಲ್ಲಿ 2,000 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ಅಂದರೆ ಇಂದಿನ ಬಹುತೇಕ ಮನೆಗಳು ಅದರ ಹೊರಗಿವೆ. ಅವಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಆಧಾರ. ತಿಂಗಳ ಬಾಡಿಗೆಯನ್ನು ಮುಗಿಸಲು, ಕರಾರಿನಲ್ಲಿ ಬೇರೆ ಹೇಳದಿದ್ದರೆ, ಹದಿನೈದು ದಿನದ ಲಿಖಿತ ನೋಟಿಸ್ ಸಾಕು. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡೇ ತಿಂಗಳ ಮುಂಗಡ ಎಂಬ ಮಿತಿಯಿದೆ. ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನಿನಲ್ಲಿ ಸೇರಿಸಿಕೊಳ್ಳದ ಹೊರತು ಇಲ್ಲಿ ಬಂಧಿಸುವುದಿಲ್ಲ.

ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆದಾರನದೇ ಆಗಿಬಿಡುತ್ತದೆ ಎಂಬ ಮಾತು ಎಷ್ಟು ಮನೆಗಳಲ್ಲಿ ಕೇಳಿಬರುತ್ತದೆಂದರೆ, ಅದಕ್ಕೆ ಹೆದರಿ ಮೂರು ವರ್ಷಕ್ಕೊಮ್ಮೆ ಒಳ್ಳೆಯ ಸಂಸಾರಗಳನ್ನು ಎಬ್ಬಿಸಿ ಕಳಿಸುವ ಮಾಲೀಕರಿದ್ದಾರೆ. ಇದು ತಪ್ಪು ತಿಳಿವಳಿಕೆ. ಮಾಲೀಕರ ಒಪ್ಪಿಗೆಯಿಂದ ಒಳಗೆ ಬಂದು ಬಾಡಿಗೆ ಕೊಡುತ್ತಿರುವವರು ಎಷ್ಟು ವರ್ಷ ಇದ್ದರೂ ಬಾಡಿಗೆದಾರರೇ. 1963ರ ಕಾಲಮಿತಿ ಕಾಯ್ದೆಯಲ್ಲಿ ಬರುವ ಹನ್ನೆರಡು ವರ್ಷದ ಎಣಿಕೆ ಶುರುವಾಗುವುದು ಬಾಡಿಗೆ ಸಂಬಂಧ ಮುಗಿದ ದಿನದಿಂದ. ಬಾಡಿಗೆ ಬ್ಯಾಂಕ್ ಖಾತೆಗೆ ಬರುತ್ತಿದ್ದು, ಕರಾರು ಕಾಲಕಾಲಕ್ಕೆ ನವೀಕರಣವಾಗುತ್ತಿದ್ದರೆ ಇಪ್ಪತ್ತು ವರ್ಷದ ಬಾಡಿಗೆದಾರರೂ ಮಾಲೀಕರಿಗೆ ಆಸ್ತಿಯೇ ಹೊರತು ಅಪಾಯವಲ್ಲ.

ಉಳಿಸಿಕೊಳ್ಳುವುದರ ಬೆಲೆ ಎಷ್ಟೆಂದು ಇನ್ನೊಂದು ಲೆಕ್ಕ ಹೇಳುತ್ತದೆ. 20,000 ಕೊಡುತ್ತಿರುವವರಿಗೆ ಒಮ್ಮೆಲೇ 2,000 ಏರಿಸಿದಿರಿ, ಅವರು ಬಿಟ್ಟುಹೋದರು. ಒಂದೂವರೆ ತಿಂಗಳು ಮನೆ ಖಾಲಿ: 30,000. ಬಣ್ಣ, ರಿಪೇರಿ: 15,000. ಹೊಸಬರು ಕೊಡುವ ಹೆಚ್ಚುವರಿ 2,000ದಿಂದ ಈ ನಷ್ಟ ತುಂಬಲು ಇಪ್ಪತ್ತಮೂರು ತಿಂಗಳು ಬೇಕು. 2022ರ ನಂತರ ಕಚೇರಿಗಳು ತೆರೆದು ಐಟಿ ನೌಕರರು ನಗರಕ್ಕೆ ಮರಳಿದಾಗ ಬಾಡಿಗೆ ದಿಢೀರ್ ಏರಿತು. ಅದಕ್ಕೆ ಸ್ವಲ್ಪವೇ ಮೊದಲು ಕೊರೊನಾ ಕಾಲದಲ್ಲಿ ಪಿಜಿಗಳೂ ಒಂಟಿ ಕೋಣೆಗಳೂ ತಿಂಗಳುಗಟ್ಟಲೆ ಬಿಕೋ ಎಂದಿದ್ದವು. ಎರಡನ್ನೂ ಕಂಡವರು ವರ್ಷಕ್ಕೆ ಶೇ. 5ರ ಏರಿಕೆಯನ್ನು ಮೊದಲೇ ಬರೆದುಕೊಂಡು ಅದಕ್ಕೇ ನಿಲ್ಲುತ್ತಾರೆ.

ಯಾರಿಗೆ ಕೊಡುವುದು ಎಂಬ ಪ್ರಶ್ನೆಗೆ ಬಂದರೆ, ಫೋನಿನಲ್ಲೇ ‘ನೀವು ಯಾವ ಜನ?’ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಜಾತಿ, ಧರ್ಮ, ಊಟ, ಮದುವೆ ಆಗಿದೆಯೇ ಇಲ್ಲವೇ ಎಂದು ಸೋಸುತ್ತಾ ಹೋಗಿ, ನಿಯತ್ತಾಗಿ ಬಾಡಿಗೆ ಕೊಡುವ ನರ್ಸ್‌ಗೆ, ಬಸ್ ಚಾಲಕರಿಗೆ, ಒಂಟಿ ಮಹಿಳೆಗೆ ಬಾಗಿಲು ಹಾಕುತ್ತೇವೆ. ಇದು ಅನ್ಯಾಯ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಅದರ ಮೇಲೆ, ಇದರಿಂದ ಬೇಕಾದ ಒಂದು ವಿಷಯವೂ ತಿಳಿಯುವುದಿಲ್ಲ. ತಿಳಿಯಬೇಕಾದ್ದು ಮೂರು: ದುಡಿಮೆ ಎಲ್ಲಿ, ಬಾಡಿಗೆ ಆ ಸಂಪಾದನೆಯ ಮೂರನೇ ಒಂದು ಭಾಗ ಮೀರುತ್ತದೆಯೇ, ಹಿಂದಿನ ಮನೆಯಿಂದ ಹೇಗೆ ಬಂದರು. ಕೊನೆಯದನ್ನು ಕೇಳುವಾಗ ಈಗಿನ ಮನೆಯ ಮಾಲೀಕರಿಗಿಂತ ಅದಕ್ಕೂ ಹಿಂದಿನವರಿಗೆ ಫೋನ್ ಮಾಡುವುದು ಮೇಲು. ತೊಂದರೆ ಕೊಡುವವರನ್ನು ಸಾಗಹಾಕಬೇಕೆಂದು ಈಗಿನವರು ಹೊಗಳಿ ಕಳಿಸಬಹುದು. ಗುರುತಿನ ಪತ್ರದ ನಕಲು ಪಡೆದು ಬಾಡಿಗೆದಾರರ ವಿವರವನ್ನು ಠಾಣೆಗೆ ಕೊಡಿ. ವಿದೇಶಿಯರಿಗೆ ಕೊಟ್ಟರೆ ಅವರ ವಿವರವನ್ನು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು.

ಮನೆಯಲ್ಲಿ ಜನ ಉಳಿಯುವುದು ನೀರಿದ್ದರೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್‌ಗೆ ಕಾದವರು ಹೊಸ ಮನೆ ನೋಡಲು ಬಂದಾಗ ಮೊದಲು ಕೇಳುವುದೇ ‘ಕಾವೇರಿ ಇದೆಯಾ?’ ಎಂದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಚಾಲೂ ಆಗಿ ಹೊರವಲಯದ 110 ಹಳ್ಳಿಗಳ ಪ್ರದೇಶಕ್ಕೆ ನೀರು ಬರುವ ದಾರಿಯಾಯಿತು. ಸಂಪರ್ಕಕ್ಕೆ ಇನ್ನೂ ಅರ್ಜಿ ಹಾಕದ ಮಾಲೀಕರು ತಡಮಾಡಬಾರದು. ಮಳೆನೀರನ್ನು ಸಂಪಿಗೆ ಇಳಿಸುವ ಪೈಪಿಗೆ ಹಾಕುವ ದುಡ್ಡು ಕೆಲವು ಟ್ಯಾಂಕರ್‌ಗಳಲ್ಲೇ ವಾಪಸ್ ಬರುತ್ತದೆ.

ಕರೆಂಟಿನ ಮೀಟರ್ ಬಗ್ಗೆ ಒಂದು ಮಾತು. 2023ರ ಆಗಸ್ಟ್‌ನಲ್ಲಿ ಶುರುವಾದ, ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಇದೆ, ಆದರೆ ಅದು ಮೀಟರ್ ಲೆಕ್ಕ. ಮೂರು ಮನೆಗೂ ಒಂದೇ ಮೀಟರ್ ಇಟ್ಟು ಒಳಗೆ ಸಬ್-ಮೀಟರ್ ಹಾಕಿದರೆ ಒಟ್ಟು ಬಳಕೆ 200 ಯೂನಿಟ್ ದಾಟಿ ಮೂವರಿಗೂ ಪೂರ್ತಿ ಬಿಲ್ಲು ಬರುತ್ತದೆ. ಮನೆಗೊಂದು ಮೀಟರ್, ಅದಕ್ಕೊಂದು ಆರ್‌ಆರ್ ಸಂಖ್ಯೆ ಇದ್ದರೆ ಬಾಡಿಗೆದಾರರ ಕೈಯಲ್ಲಿ ತಿಂಗಳಿಗೆ ಸಾವಿರ ರೂಪಾಯಿಯ ಆಸುಪಾಸು ಉಳಿಯುತ್ತದೆ. ಬಾಡಿಗೆ ಇಳಿಸದೆಯೇ ಮನೆ ಅವರಿಗೆ ಅಗ್ಗವಾದಂತೆ. ಅವರು ಬಿಡುವಾಗ ತಮ್ಮ ಆಧಾರ್ ಜೋಡಣೆಯನ್ನು ಆ ಸಂಖ್ಯೆಯಿಂದ ತೆಗೆಸಿ ಹೋಗಬೇಕೆಂದು ಕರಾರಿನಲ್ಲೇ ಬರೆಯಿರಿ, ಇಲ್ಲದಿದ್ದರೆ ಬರುವವರು ಕಚೇರಿಗೆ ಅಲೆಯಬೇಕಾಗುತ್ತದೆ.

ಮಾಲೀಕರ ಹೆಸರು ಉಳಿಯುವುದೂ ಕೆಡುವುದೂ ಮುಂಗಡ ಹಿಂದಿರುಗಿಸುವ ದಿನ. ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಬೆಂಗಳೂರಿನ ಹಳೆಯ ರೂಢಿ. ಈಗ ಹಲವೆಡೆ ಐದಾರು ತಿಂಗಳಿಗೆ ಇಳಿದಿದೆ. ಎಷ್ಟೇ ಇರಲಿ, ಅದು ಬಾಡಿಗೆದಾರರ ದುಡ್ಡು, ನಮ್ಮ ಬಳಿ ಇರುವುದು ಇಟ್ಟುಕೊಳ್ಳಲು ಮಾತ್ರ. ಸಾಮಾನು ಲಾರಿಗೇರಿದ ಮೇಲೆ ಖಾಲಿ ಹಾಲ್‌ನಲ್ಲಿ ನಡೆಯುವ ಮಾತುಕತೆ ಹೇಗಿರುತ್ತದೆ ನೋಡಿ. ಗೋಡೆಯಲ್ಲಿ ಆರು ಮೊಳೆಯ ತೂತು, ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿದೆ, ಅಡುಗೆಮನೆಯ ಸ್ಲ್ಯಾಬಿನ ಅಂಚು ಒಡೆದಿದೆ. ‘ಇದು ಮೊದಲೇ ಒಡೆದಿತ್ತು ಆಂಟಿ’ ಎಂದು ಅವರು, ‘ನೀವು ಬಂದಾಗ ಹೊಸದಾಗಿತ್ತು ಕಣಮ್ಮ’ ಎಂದು ಇವರು. ಒಳಗೆ ಬಂದ ದಿನ ಪ್ರತಿ ಕೋಣೆಯ ವಿಡಿಯೊ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟಿದ್ದರೆ ಈ ಮಾತೇ ಏಳುವುದಿಲ್ಲ. ಮೊಳೆಯ ತೂತು, ಮಾಸಿದ ಬಣ್ಣ, ಸವೆದ ನಲ್ಲಿ ವಾಸದಿಂದ ಆಗುವ ಸವಕಳಿ, ಮಾಲೀಕರೇ ಭರಿಸಬೇಕು. ಒಡೆದ ಸ್ಲ್ಯಾಬು, ಕಿತ್ತುಹೋದ ಬಾಗಿಲ ಬೀಗ ಬಾಡಿಗೆದಾರರದು. ಒಂದೇ ವರ್ಷ ಇದ್ದವರಿಂದಲೂ ಬಣ್ಣಕ್ಕೆಂದು ಒಂದಿಡೀ ತಿಂಗಳ ಬಾಡಿಗೆ ಹಿಡಿಯುವ ರೂಢಿ ನನಗೆ ಸರಿಕಾಣುವುದಿಲ್ಲ. ಅಷ್ಟು ಹಿಡಿಯುವುದೇ ಆದರೆ ಅಷ್ಟು ಖರ್ಚು ಮಾಡಿದ ರಸೀದಿ ತೋರಿಸಿ. ಕಟ್ಟಬೇಕಾದ ಕೊನೆಯ ಬಿಲ್ಲುಗಳನ್ನು ಮುರಿದುಕೊಂಡು ಉಳಿದದ್ದನ್ನು ಬೀಗದ ಕೈ ಪಡೆದ ದಿನವೇ ಖಾತೆಗೆ ಹಾಕಿದರೆ, ಮುಂದಿನ ಬಾಡಿಗೆದಾರರನ್ನು ಹೋಗುವವರೇ ಕರೆತರುತ್ತಾರೆ, ಬ್ರೋಕರ್ ಬೇಕಾಗುವುದಿಲ್ಲ. ಮೂರು ಮನೆಯ ಮುಂಗಡವನ್ನು ಬೇರೆಯದೇ ಠೇವಣಿಯಲ್ಲಿಟ್ಟವರಿಗೆ ಮಾತ್ರ ಇದು ಸಾಧ್ಯ.

ತೆರಿಗೆ ವಿಷಯದಲ್ಲಿ ಹಲವರ ಅಂಜಿಕೆಗೆ ಈಗ ಆಧಾರವೇ ಉಳಿದಿಲ್ಲ. ಬಾಡಿಗೆಯಿಂದ ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30ರಷ್ಟನ್ನು ರಸೀದಿಯೇ ಕೇಳದೆ ಬಿಡುತ್ತಾರೆ. ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯೂ ಕಳೆಯುತ್ತದೆ. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆಯೇ ಬೀಳುವುದಿಲ್ಲ. ಎರಡು ಮನೆಯ ಬಾಡಿಗೆ ನಂಬಿದ ನಿವೃತ್ತರು ನಗದಿನಲ್ಲಿ ಪಡೆದು ಮುಚ್ಚಿಡುವುದರಿಂದ ಏನೂ ಉಳಿಸುವುದಿಲ್ಲ. ಬಾಡಿಗೆಯ ದಾಖಲೆ ಮಾತ್ರ ಕಳೆದುಕೊಳ್ಳುತ್ತಾರೆ. ಪಾಲಿಕೆಯ ಆಸ್ತಿ ತೆರಿಗೆಯಲ್ಲಿ ಸ್ವಂತ ವಾಸದ ಭಾಗಕ್ಕೂ ಬಾಡಿಗೆಯ ಭಾಗಕ್ಕೂ ದರ ಬೇರೆ, ಎರಡನೆಯದು ಸುಮಾರು ಇಮ್ಮಡಿ. ಬಾಡಿಗೆಗೆ ಕೊಟ್ಟದ್ದನ್ನು ಸ್ವಂತ ವಾಸ ಎಂದು ಘೋಷಿಸಿಕೊಂಡವರಿಗೆ ವರ್ಷಗಳ ನಂತರ ಬಾಕಿ, ದಂಡ, ಬಡ್ಡಿ ಸೇರಿಸಿ ನೋಟಿಸ್ ಬಂದದ್ದುಂಟು. ಸರಿಯಾಗಿ ಘೋಷಿಸಿ ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5ರ ರಿಯಾಯಿತಿ.

ಅಮೆರಿಕದಲ್ಲೋ ದುಬೈನಲ್ಲೋ ಇದ್ದು ಊರಿನ ಫ್ಲಾಟ್ ಬಾಡಿಗೆಗೆ ಕೊಟ್ಟಿರುವ ಕನ್ನಡಿಗರು ಒಂದು ವಿಷಯ ಮರೆಯುತ್ತಾರೆ. ಅನಿವಾಸಿ ಮಾಲೀಕರ ಬಾಡಿಗೆ ಎಷ್ಟೇ ಕಡಿಮೆಯಿರಲಿ, ಬಾಡಿಗೆದಾರರು ಮೂಲದಲ್ಲೇ ಶೇ. 30 ತೆರಿಗೆ, ಅದರ ಮೇಲೆ ಸೆಸ್ಸು ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಕಟ್ಟದಿದ್ದರೆ ಹೊಣೆ ಆ ಬಡಪಾಯಿ ಬಾಡಿಗೆದಾರರದು. ಅವರಿಗೆ ಮೊದಲೇ ತಿಳಿಸಿ, ಹೆಚ್ಚು ಹಿಡಿದದ್ದನ್ನು ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯುವುದು ಮಾಲೀಕರ ಕರ್ತವ್ಯ.

ಇಷ್ಟಾಗಿಯೂ ಬಾಡಿಗೆ ನಿಲ್ಲಿಸಿ, ಬಿಡುವುದಿಲ್ಲ ಎಂದು ಕೂತವರು ಸಿಕ್ಕರೆ? ಸಿಟ್ಟಿನಲ್ಲಿ ನೀರು, ಕರೆಂಟು ತೆಗೆಯುವುದು, ಬೀಗ ಬದಲಿಸುವುದು ಮಾಲೀಕರನ್ನೇ ಆರೋಪಿಯಾಗಿಸುತ್ತದೆ. ಹಾಗೆ ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಒಳಬರಬಹುದು. ವಕೀಲರ ಮೂಲಕ ನೋಟಿಸ್ ಕೊಟ್ಟು, ಅವಧಿ ಮುಗಿದ ಮೇಲೆ ಕೋರ್ಟಿನಲ್ಲಿ ತೆರವಿನ ದಾವೆ ಹೂಡುವುದೇ ದಾರಿ. ಬೆಂಗಳೂರಿನಲ್ಲಿ ಇಂಥವನ್ನು ಸ್ಮಾಲ್ ಕಾಸಸ್ ಕೋರ್ಟು ನೋಡುತ್ತದೆ. ನೋಟಿಸ್ ನಂತರ ಬಾಡಿಗೆ ಬಂದರೆ, ನೋಟಿಸಿಗೆ ಬಾಧೆಯಿಲ್ಲದಂತೆ ಸ್ವೀಕರಿಸಿದ್ದೇನೆಂದು ಬರೆದು ತಿಳಿಸಬೇಕು. ಇಲ್ಲದಿದ್ದರೆ ನೋಟಿಸನ್ನು ನೀವೇ ಬಿಟ್ಟುಕೊಟ್ಟಿರಿ ಎಂಬ ವಾದ ಏಳುತ್ತದೆ. ಕೈಯಲ್ಲಿರುವ ಮುಂಗಡ, ದಾವೆ ಮುಗಿಯಲು ಹಿಡಿಯುವ ಕಾಲ ಎರಡನ್ನೂ ತೂಗಿ, ಒಂದೆರಡು ತಿಂಗಳ ಬಾಕಿ ಬಿಟ್ಟು ಬೀಗದ ಕೈ ವಾಪಸ್ ಪಡೆಯುವುದು ಎಷ್ಟೋ ಸಲ ಜಾಣತನ.

ಮಾಲೀಕರು ತೀರಿಕೊಂಡ ಮೇಲಿನ ದಿನಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಆಗಲೂ ಬಾಡಿಗೆ ಕರಾರು ಸಾಯುವುದಿಲ್ಲ. ಬಾಡಿಗೆ ಪಡೆಯುವ ಹಕ್ಕು ವಾರಸುದಾರರಿಗೆ ಹೋಗುತ್ತದೆ, ಮುಂಗಡ ಹಿಂದಿರುಗಿಸುವ ಹೊಣೆಯೂ ಜೊತೆಗೇ ಹೋಗುತ್ತದೆ. ಯಾವ ಮಹಡಿ ಯಾರಿಗೆಂದು ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಉಯಿಲು ಬರೆದಿಟ್ಟು, ಯಾರ ಮುಂಗಡ ಎಷ್ಟು, ಯಾವ ಬ್ಯಾಂಕಿನ ಯಾವ ಠೇವಣಿಯಲ್ಲಿದೆ ಎಂಬ ಪುಸ್ತಕವನ್ನು ಎಲ್ಲಿಟ್ಟಿದ್ದೇವೆಂದು ಹೆಂಡತಿಗೋ ಮಗಳಿಗೋ ಈಗಲೇ ತೋರಿಸಿಡಬೇಕು.